ಹಿಂದಿನ ಒಡೆಯ ಯಾರೆಂದು ಯೂನಿಕ್ಸ್‌ಗೆ ನೆನಪಿಲ್ಲ

2018ರ ಫೆಬ್ರವರಿಯಲ್ಲಿ ಹಲವು ದೇಶಗಳ ಕಂಪ್ಯೂಟರ್ ನಿರ್ವಾಹಕರು ಒಂದೇ ಬಗೆಯ ಪೇಚಿಗೆ ಸಿಕ್ಕಿದರು. ಜಾವಾಸ್ಕ್ರಿಪ್ಟ್ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವವರು ಬಳಸುವ ಎನ್‌ಪಿಎಂ ಎಂಬ ಸಲಕರಣೆಯ 5.7.0 ಆವೃತ್ತಿ ಆಗಷ್ಟೇ ಹೊರಬಂದಿತ್ತು. ಲಿನಕ್ಸ್ ಯಂತ್ರಗಳಲ್ಲಿ ಸಾಮಾನ್ಯ ಬಳಕೆದಾರರು ಅದನ್ನು 'ಸುಡೊ' ಮೂಲಕ, ಅಂದರೆ ನಿರ್ವಾಹಕನ ಅಧಿಕಾರ ಎರವಲು ಪಡೆದು ಚಲಾಯಿಸಿದಾಗ, ಅದು ತನಗೆ ಸಂಬಂಧವೇ ಇಲ್ಲದ ಡೈರೆಕ್ಟರಿಗಳಿಗೂ ಕೈಹಾಕಿತು. ಇಡೀ ವ್ಯವಸ್ಥೆಯ ಆಧಾರವಾದ ಕಡತಗಳು ಒಬ್ಬ ಸಾಮಾನ್ಯ ಬಳಕೆದಾರನ ಹೆಸರಿಗೆ ವರ್ಗವಾದವು. ತಪ್ಪು ತಿದ್ದಿದ 5.7.1 ಆವೃತ್ತಿ ಬಹುಬೇಗನೆ ಬಂದಿತಾದರೂ, ಅಷ್ಟರಲ್ಲಿ ಪೆಟ್ಟು ತಿಂದ ಯಂತ್ರಗಳಿಗೆ ಅದರಿಂದ ಪ್ರಯೋಜನವಾಗಲಿಲ್ಲ.

ಇದರಲ್ಲೊಂದು ವಿಚಿತ್ರವಿದೆ. ಆ ಯಂತ್ರಗಳಲ್ಲಿ ಒಂದು ಕಡತವೂ ಅಳಿಸಿಹೋಗಿರಲಿಲ್ಲ, ಒಂದಕ್ಷರವೂ ತಿದ್ದುಪಡಿಯಾಗಿರಲಿಲ್ಲ. ಬದಲಾದದ್ದು ಪ್ರತಿ ಕಡತದ ಬೆನ್ನಿಗೆ ಅಂಟಿಕೊಂಡಿರುವ ಒಂದು ಸಣ್ಣ ಸಂಖ್ಯೆ ಮಾತ್ರ. ಅಷ್ಟಕ್ಕೇ ಯಂತ್ರ ನಿಂತುಹೋಗುವುದೇಕೆ? ಬದಲಿಸಿದ್ದನ್ನು ಮರಳಿ ಬದಲಿಸಿದರೆ ಸಾಲದೆ?

ಸಾಲದು. ಯೂನಿಕ್ಸ್‌ಗೆ, ಅದರ ಮಾದರಿಯಲ್ಲಿ ಬೆಳೆದ ಲಿನಕ್ಸ್‌ಗೆ, ಒಂದು ಕಡತ ಈಗ ಯಾರದ್ದೆಂದು ಗೊತ್ತು. ನಿನ್ನೆ ಯಾರದ್ದಾಗಿತ್ತೆಂದು ಗೊತ್ತಿಲ್ಲ. ನಮ್ಮ ಹೊಲಗದ್ದೆಗಳ ಲೆಕ್ಕದಲ್ಲಿ ಪಹಣಿಯ ಜೊತೆಗೆ ಮ್ಯುಟೇಷನ್ ವಹಿಯೂ ಇರುತ್ತದೆ. ಖಾತೆ ಯಾರಿಂದ ಯಾರಿಗೆ, ಯಾವ ಆಧಾರದ ಮೇಲೆ ಹೋಯಿತೆಂದು ಅದರಲ್ಲಿ ನೋಡಬಹುದು. ಯೂನಿಕ್ಸ್‌ನಲ್ಲಿ ಪಹಣಿ ಉಂಟು, ಮ್ಯುಟೇಷನ್ ವಹಿ ಇಲ್ಲ. ಆ ಕೊರತೆ ಹೇಗೆ ಬಂತು, ಅದನ್ನು ತುಂಬಲು ಏನೇನು ನಡೆಯಿತು ಎಂಬುದು ಅರ್ಧ ಶತಮಾನದ ಕತೆ.

ಒಂದೇ ಯಂತ್ರ, ಹಲವು ಕೈ

ಕಂಪ್ಯೂಟರನ್ನು ಒಬ್ಬೊಬ್ಬರೇ ಸರದಿಯಲ್ಲಿ ಬಳಸುತ್ತಿದ್ದ ಕಾಲದಲ್ಲಿ ಒಡೆತನದ ಪ್ರಶ್ನೆಯೇ ಇರಲಿಲ್ಲ. ತಂದ ಕಾರ್ಡುಗಳ ಕಟ್ಟನ್ನು ವಾಪಸು ಒಯ್ದರೆ ಮುಗಿಯಿತು. 1961ರಲ್ಲಿ ಅಮೆರಿಕದ ಎಂಐಟಿ ವಿದ್ಯಾಸಂಸ್ಥೆಯಲ್ಲಿ ಫರ್ನಾಂಡೊ ಕೊರ್ಬಾಟೊ ಮತ್ತು ಸಂಗಡಿಗರು ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿದಾಗ ಚಿತ್ರ ಬದಲಾಯಿತು. ಒಂದೇ ಯಂತ್ರವನ್ನು ಹಲವರು ಏಕಕಾಲಕ್ಕೆ ಬಳಸುವುದು ಸಾಧ್ಯವಾಯಿತು. ಎಲ್ಲರ ಕಡತಗಳೂ ಒಂದೇ ಡಿಸ್ಕಿನಲ್ಲಿ ಉಳಿಯತೊಡಗಿದವು. ನಿನ್ನದು ಯಾವುದು, ನನ್ನದು ಯಾವುದು ಎಂಬ ಪ್ರಶ್ನೆ ಹುಟ್ಟಿದ್ದು ಆಗ.

ಆ ಗಡಿ ಕಲಸಿಹೋದರೆ ಏನಾಗುತ್ತದೆಂದು ತೋರಿಸಿದ ಪ್ರಸಂಗವೊಂದು 1960ರ ದಶಕದ ಮಧ್ಯಭಾಗದಲ್ಲಿ ಅಲ್ಲೇ ನಡೆಯಿತು. ಇಬ್ಬರು ನಿರ್ವಾಹಕರು ಒಂದೇ ಡೈರೆಕ್ಟರಿಯಲ್ಲಿ ಏಕಕಾಲಕ್ಕೆ ಕೆಲಸ ಮಾಡುತ್ತಿದ್ದರು. ಒಬ್ಬರು ಬಳಕೆದಾರರಿಗೆ ತೋರಿಸುವ ದಿನದ ಪ್ರಕಟಣೆಯನ್ನು ತಿದ್ದುತ್ತಿದ್ದರೆ, ಇನ್ನೊಬ್ಬರು ಎಲ್ಲರ ಗುಪ್ತಪದಗಳಿದ್ದ ಕಡತವನ್ನು ತಿದ್ದುತ್ತಿದ್ದರು. ತಿದ್ದುವ ಪ್ರೋಗ್ರಾಂ ಇಬ್ಬರಿಗೂ ಒಂದೇ ಹೆಸರಿನ ತಾತ್ಕಾಲಿಕ ಕಡತವನ್ನು ಬಳಸಿತು. ಎರಡೂ ಅದಲುಬದಲಾಗಿ, ಯಂತ್ರಕ್ಕೆ ಲಾಗಿನ್ ಆದ ಪ್ರತಿಯೊಬ್ಬರ ಎದುರೂ ಗುಪ್ತಪದಗಳ ಪೂರ್ಣ ಪಟ್ಟಿ ಅಚ್ಚಾಗತೊಡಗಿತು. ಕೊರ್ಬಾಟೊ ಅವರು ತಮ್ಮ ಟ್ಯೂರಿಂಗ್ ಪ್ರಶಸ್ತಿ ಉಪನ್ಯಾಸದಲ್ಲಿ ಈ ಪ್ರಸಂಗವನ್ನು ನೆನಪಿಸಿಕೊಂಡಿದ್ದಾರೆ.

ಸಿಟಿಎಸ್‌ಎಸ್‌ನ ಉತ್ತರಾಧಿಕಾರಿ ಮಲ್ಟಿಕ್ಸ್. ಎಂಐಟಿ, ಬೆಲ್ ಲ್ಯಾಬ್ಸ್ ಮತ್ತು ಜನರಲ್ ಎಲೆಕ್ಟ್ರಿಕ್ ಕೂಡಿ ಕೈಗೊಂಡ ಈ ಯೋಜನೆಯಲ್ಲಿ ಪ್ರತಿ ಕಡತಕ್ಕೂ ಯಾರು ಓದಬಹುದು, ಯಾರು ಬರೆಯಬಹುದು ಎಂಬ ವಿವರವಾದ ಪಟ್ಟಿಯೇ ಇತ್ತು. ಯೋಜನೆ ಹಿಗ್ಗುತ್ತ, ತಡವಾಗುತ್ತ ಹೋದಾಗ 1969ರಲ್ಲಿ ಬೆಲ್ ಲ್ಯಾಬ್ಸ್ ಅದರಿಂದ ಹೊರಬಂತು. ಅಲ್ಲಿದ್ದ ಕೆನ್ ಥಾಂಪ್ಸನ್ ಮತ್ತು ಡೆನ್ನಿಸ್ ರಿಚಿ ಅದೇ ವರ್ಷ ಪಿಡಿಪಿ-7 ಎಂಬ ಸಣ್ಣ ಯಂತ್ರವೊಂದರ ಮೇಲೆ ತಮ್ಮದೇ ವ್ಯವಸ್ಥೆ ಕಟ್ಟಲು ತೊಡಗಿದರು. ಅದೇ ಯೂನಿಕ್ಸ್.

ಹೆಸರಲ್ಲ, ಸಂಖ್ಯೆ

ಮಲ್ಟಿಕ್ಸ್‌ನ ವೈಭವಕ್ಕೆ ಇಲ್ಲಿ ಅವಕಾಶವಿರಲಿಲ್ಲ. ಯೂನಿಕ್ಸ್ ಮುಂದೆ ನೆಲೆಗೊಂಡ ಪಿಡಿಪಿ-11 ಯಂತ್ರದ ಸ್ಮೃತಿ ಕೇವಲ 24 ಕಿಲೊಬೈಟ್, ಡಿಸ್ಕು ಅರ್ಧ ಮೆಗಾಬೈಟ್. ಇಂದಿನ ಮೊಬೈಲಿನಲ್ಲಿ ತೆಗೆದ ಒಂದು ಚಿತ್ರವೂ ಆ ಡಿಸ್ಕಿನಲ್ಲಿ ಹಿಡಿಯಲಾರದು. ಅದರಲ್ಲೇ ಎಲ್ಲರ ಕಡತಗಳೂ ಬದುಕಬೇಕು.

ಥಾಂಪ್ಸನ್ ಮತ್ತು ರಿಚಿ ಕಂಡುಕೊಂಡ ದಾರಿ ಸರಳವಾಗಿತ್ತು. ಪ್ರತಿ ಕಡತಕ್ಕೂ 'ಐನೋಡ್' ಎಂಬ ಒಂದು ಚಿಕ್ಕ ದಾಖಲೆ. ಕಡತದ ಅಳತೆ, ಡಿಸ್ಕಿನಲ್ಲಿ ಅದು ಇರುವ ಜಾಗ, ಅನುಮತಿಗಳು ಮತ್ತು ಒಡೆಯನ ಗುರುತು ಅದರಲ್ಲಿ ಇರುತ್ತವೆ. ಒಡೆಯನ ಗುರುತೆಂದರೆ ಹೆಸರಲ್ಲ, ಒಂದು ಸಂಖ್ಯೆ. ಮೊದಲ ಆವೃತ್ತಿಗಳಲ್ಲಿ ಅದಕ್ಕೆ ಮೀಸಲಾದದ್ದು ಒಂದೇ ಬೈಟ್. ಹೆಚ್ಚೆಂದರೆ 256 ಬೇರೆ ಬೇರೆ ಸಂಖ್ಯೆಗಳು. ಸೊನ್ನೆ ಎಂಬ ಸಂಖ್ಯೆ 'ರೂಟ್' ಎಂಬ ಸರ್ವಾಧಿಕಾರಿಯದು. ಯಾವ ಸಂಖ್ಯೆ ಯಾರ ಹೆಸರಿನದೆಂಬ ಪಟ್ಟಿ ಬೇರೊಂದು ಕಡತದಲ್ಲಿ. ಇಷ್ಟು ಬಿಗಿಯಾದ ಲೆಕ್ಕಾಚಾರದಲ್ಲಿ ಹಿಂದಿನ ಒಡೆಯನ ಚರಿತ್ರೆಗೆ ಜಾಗವೆಲ್ಲಿಯದು? ಹೊಸ ಸಂಖ್ಯೆ ಬರೆದ ಕೂಡಲೇ ಹಳೆಯದು ಅಳಿಯುತ್ತದೆ. ಸ್ಲೇಟಿನ ಮೇಲೆ ಉಗುಳು ಹಚ್ಚಿ ಒರೆಸಿ ಮತ್ತೆ ಬರೆದಂತೆ.

ಹೆಸರಿನ ಬದಲು ಸಂಖ್ಯೆಯನ್ನು ನೆಚ್ಚಿಕೊಂಡದ್ದರ ಫಲ ಮುಂದೆ ನಾನಾ ಬಗೆಯಲ್ಲಿ ಕಾಣಿಸಿಕೊಂಡಿತು. ಕಚೇರಿ ಬಿಟ್ಟುಹೋದವರ ಹೆಸರನ್ನು ಪಟ್ಟಿಯಿಂದ ತೆಗೆದರೂ ಅವರ ಕಡತಗಳ ಮೇಲೆ ಆ ಸಂಖ್ಯೆ ಉಳಿದೇ ಇರುತ್ತದೆ. ಅದೇ ಸಂಖ್ಯೆಯನ್ನು ಹೊಸಬರಿಗೆ ಕೊಟ್ಟರೆ, ಹಳಬರ ಕಡತಗಳೆಲ್ಲ ಸದ್ದಿಲ್ಲದೆ ಹೊಸಬರ ಪಾಲಾಗುತ್ತವೆ. 1984ರಲ್ಲಿ ಸನ್ ಸಂಸ್ಥೆ ಒಂದು ಯಂತ್ರದ ಕಡತಗಳನ್ನು ಇನ್ನೊಂದು ಯಂತ್ರದಿಂದ ಬಳಸುವ ಎನ್‌ಎಫ್‌ಎಸ್ ವ್ಯವಸ್ಥೆ ತಂದಾಗ ಗೊಂದಲ ಊರು ದಾಟಿತು. ಜಾಲದಲ್ಲಿ ಹರಿದಾಡುತ್ತಿದ್ದುದೂ ಸಂಖ್ಯೆಯೇ. ಒಂದು ಯಂತ್ರದಲ್ಲಿ 105 ಎಂದರೆ ಒಬ್ಬರು, ಇನ್ನೊಂದರಲ್ಲಿ 105 ಎಂದರೆ ಮತ್ತೊಬ್ಬರು. ಯಾರೂ ಏನನ್ನೂ ಬದಲಿಸದಿದ್ದರೂ ಒಡೆತನ ಬದಲಾದಂತೆ ಕಾಣುತ್ತಿತ್ತು. ಎಲ್ಲ ಯಂತ್ರಗಳಿಗೂ ಒಂದೇ ಹೆಸರು-ಸಂಖ್ಯೆಯ ಪಟ್ಟಿ ಹಂಚುವ ಏರ್ಪಾಡನ್ನು ಸನ್ ಸಂಸ್ಥೆಯೇ ಮಾಡಬೇಕಾಯಿತು.

ದಾನಕ್ಕೂ ಕಟ್ಟಳೆ

ಒಡೆತನ ಬದಲಿಸುವ 'ಚೌನ್' ಎಂಬ ಆಜ್ಞೆ 1971ರ ನವೆಂಬರ್ 3ರ ದಿನಾಂಕವಿರುವ ಯೂನಿಕ್ಸ್‌ನ ಮೊದಲ ಕೈಪಿಡಿಯಲ್ಲೇ ಇದೆ. ಇಂಗ್ಲಿಷಿನ 'ಒಡೆಯನನ್ನು ಬದಲಿಸು' ಎಂಬ ಮಾತಿನ ಮೊಟಕು ರೂಪ ಅದು. ಆಗ ಯಾವ ಬಳಕೆದಾರನಾದರೂ ತನ್ನ ಕಡತವನ್ನು ಇನ್ನೊಬ್ಬನಿಗೆ ದಾನ ಮಾಡಬಹುದಿತ್ತು. ಕೊಟ್ಟ ಮೇಲೆ ವಾಪಸು ಪಡೆಯುವ ಹಕ್ಕು ಮಾತ್ರ ಇರಲಿಲ್ಲ.

ಈ ಉದಾರತೆ ಹೆಚ್ಚು ಕಾಲ ನಡೆಯಲಿಲ್ಲ. 1979ರ ಏಳನೇ ಆವೃತ್ತಿಯ ಹೊತ್ತಿಗೆ ಚೌನ್ ರೂಟ್‌ಗೆ ಮಾತ್ರ ಮೀಸಲಾಗಿತ್ತು. ಬಳಕೆದಾರರು ಕಡತಗಳನ್ನು ಪರರ ಹೆಸರಿಗೆ ತಳ್ಳಿದರೆ ಯಾರು ಎಷ್ಟು ಜಾಗ ಬಳಸಿದರೆಂಬ ಲೆಕ್ಕ ತಪ್ಪುತ್ತದೆ ಎಂಬುದು ಕೈಪಿಡಿ ಕೊಟ್ಟ ಕಾರಣ. ಅಂಥ ಲೆಕ್ಕ ಇಡುವ ಏರ್ಪಾಡು ಇನ್ನೂ ಇಲ್ಲವೆಂದು ಕೈಪಿಡಿ ಅಲ್ಲೇ ಒಪ್ಪಿಕೊಂಡಿತ್ತೆಂಬುದು ತಮಾಷೆ. ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಬರ್ಕ್ಲಿ ಕೇಂದ್ರದ ಬಿಎಸ್‌ಡಿ ಶಾಖೆ ಈ ಕಟ್ಟಳೆಯನ್ನು ಉಳಿಸಿಕೊಂಡಿತು. ಎಟಿ ಅಂಡ್ ಟಿಯ ಸಿಸ್ಟಮ್ ಫೈವ್ ಶಾಖೆ ದಾನಕ್ಕೆ ಮತ್ತೆ ಅವಕಾಶ ಕೊಟ್ಟಿತು. 1988ರಲ್ಲಿ ಪೊಸಿಕ್ಸ್ ಎಂಬ ಸಾಮಾನ್ಯ ಮಾನದಂಡ ರೂಪಿಸಿದವರು ಎರಡನ್ನೂ ಒಪ್ಪಿ, ಆಯ್ಕೆಯನ್ನು ಆಯಾ ವ್ಯವಸ್ಥೆಗೇ ಬಿಟ್ಟರು.

ಕಟ್ಟಳೆ ಒಳ್ಳೆಯದೇ. ಆದರೆ ಅದರಿಂದ ಇನ್ನೊಂದು ಪರಿಣಾಮವಾಯಿತು. ಒಡೆತನ ಬದಲಿಸುವ ಕೆಲಸ ಏನಿದ್ದರೂ ರೂಟ್ ಆಗಿಯೇ ಮಾಡಬೇಕು. ರೂಟ್ ಕೈತಪ್ಪಿದರೆ ತಡೆಯುವವರು ಯಾರೂ ಇಲ್ಲ.

ಎರವಲು ಅಧಿಕಾರ

ಒಡೆತನ ಬದಲಾದರೆ ಯಂತ್ರವೇ ನಿಲ್ಲುವುದೇಕೆ ಎಂಬುದಕ್ಕೆ ಉತ್ತರ ರಿಚಿಯವರ ಒಂದು ಜಾಣ್ಮೆಯ ಆವಿಷ್ಕಾರದಲ್ಲಿದೆ. ಗುಪ್ತಪದಗಳ ಕಡತ ರೂಟ್‌ಗೆ ಸೇರಿದ್ದು, ಬೇರೆಯವರು ಅದರಲ್ಲಿ ಬರೆಯುವಂತಿಲ್ಲ. ಆದರೆ ಪ್ರತಿಯೊಬ್ಬರೂ ತಮ್ಮ ಗುಪ್ತಪದವನ್ನು ಬದಲಿಸಿಕೊಳ್ಳಬೇಕು. ಇದು ಸಾಧ್ಯವಾಗುವುದು ಹೇಗೆ? ರಿಚಿ 'ಸೆಟ್‌ಯುಐಡಿ' ಎಂಬ ಗುರುತನ್ನು ರೂಪಿಸಿದರು. ಈ ಗುರುತಿರುವ ಪ್ರೋಗ್ರಾಮನ್ನು ಯಾರೇ ಚಲಾಯಿಸಲಿ, ಅದು ಚಲಾಯಿಸಿದವನ ಅಧಿಕಾರದಲ್ಲಲ್ಲ, ತನ್ನ ಒಡೆಯನ ಅಧಿಕಾರದಲ್ಲಿ ಕೆಲಸ ಮಾಡುತ್ತದೆ. ಬೆಲ್ ಲ್ಯಾಬ್ಸ್ 1973ರಲ್ಲಿ ಇದಕ್ಕೆ ಪೇಟೆಂಟ್ ಅರ್ಜಿ ಹಾಕಿ 1979ರಲ್ಲಿ ಪಡೆಯಿತು. ಮುಂದೆ ಅದನ್ನು ಸಾರ್ವಜನಿಕರ ಮುಕ್ತ ಬಳಕೆಗೆ ಬಿಟ್ಟುಕೊಟ್ಟಿತು.

ಗುಪ್ತಪದ ಬದಲಿಸುವ ಪ್ರೋಗ್ರಾಂ, ಬೇರೊಬ್ಬ ಬಳಕೆದಾರನಾಗುವ ಪ್ರೋಗ್ರಾಂ, ಸುಡೊ, ಎಲ್ಲವೂ ಈ ಎರವಲು ಅಧಿಕಾರದ ಮೇಲೆ ನಿಂತಿವೆ. ಇಂಥ ಪ್ರೋಗ್ರಾಂ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋದರೆ ಅಪಾಯ. ಆದ್ದರಿಂದ ಒಡೆತನ ಬದಲಾದಾಗ ಲಿನಕ್ಸ್ ಈ ಗುರುತನ್ನು ತಾನಾಗಿಯೇ ತೆಗೆದುಹಾಕುತ್ತದೆ. ಸುರಕ್ಷತೆಗಾಗಿ ಮಾಡಿದ ಈ ಏರ್ಪಾಡೇ ಅಪಘಾತದ ದಿನ ಕುತ್ತಾಗುತ್ತದೆ. ಸುಡೊ ರೂಟ್‌ನ ಕೈಬಿಟ್ಟ ಕ್ಷಣ ಅದು ಕೆಲಸ ನಿಲ್ಲಿಸುತ್ತದೆ. ಒಡೆತನ ಸರಿಪಡಿಸಲು ಸುಡೊ ಬೇಕು, ಸುಡೊ ಕೆಲಸ ಮಾಡಲು ಒಡೆತನ ಸರಿಯಿರಬೇಕು. ಪೆಟ್ಟಿಗೆಯ ಬೀಗದಕೈ ಪೆಟ್ಟಿಗೆಯೊಳಗೇ ಉಳಿದಂತೆ.

ಉಳಿದ ಸೇವೆಗಳೂ ಕೈಕೊಡುತ್ತವೆ. ದೂರದಿಂದ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್, ಬಳಕೆದಾರನ ಮನೆ ಡೈರೆಕ್ಟರಿ ಪರರ ಹೆಸರಿನಲ್ಲಿದ್ದರೆ ಆತನ ಕೀಲಿಯನ್ನು ನಂಬುವುದಿಲ್ಲ. ಪೋಸ್ಟ್‌ಗ್ರೆಸ್ ದತ್ತಸಂಚಯ ತನ್ನ ಡೈರೆಕ್ಟರಿ ತನ್ನದಾಗಿಲ್ಲವೆಂದು ಕಂಡರೆ ಆರಂಭವಾಗಲು ಒಪ್ಪುವುದಿಲ್ಲ. ಯಾವುದೂ ಕೆಟ್ಟಿಲ್ಲ, ಆದರೆ ಯಾವುದೂ ನಡೆಯುವುದಿಲ್ಲ.

ಕೈತಪ್ಪುವ ಬಗೆ

ಏಳನೇ ಆವೃತ್ತಿಯ ಚೌನ್ ಹೆಸರಿಸಿದ ಕಡತಗಳನ್ನಷ್ಟೇ ಮುಟ್ಟುತ್ತಿತ್ತು. ಮುಂದೆ, ಒಂದು ಡೈರೆಕ್ಟರಿಯನ್ನು ಹೆಸರಿಸಿದರೆ ಅದರೊಳಗಿನ ಸಮಸ್ತವನ್ನೂ ಬದಲಿಸುವ ಅನುಕೂಲ ಸೇರಿಕೊಂಡಿತು. 1992ರ ಪೊಸಿಕ್ಸ್ ಮಾನದಂಡದಲ್ಲೂ ಅದಕ್ಕೆ ಸ್ಥಾನ ಸಿಕ್ಕಿತು. ದೊಡ್ಡ ಅಪಘಾತಗಳು ಸಾಧ್ಯವಾದದ್ದು ಈ ಅನುಕೂಲದಿಂದ.

ಯೂನಿಕ್ಸ್‌ನಲ್ಲಿ ಓರೆಗೆರೆಯೊಂದೇ ಇದ್ದರೆ ಇಡೀ ಕಡತವೃಕ್ಷದ ಬೇರು ಎಂದರ್ಥ. ಡೈರೆಕ್ಟರಿಯ ಹೆಸರಿನಲ್ಲಿ ಮೊದಲ ಓರೆಗೆರೆಯ ನಂತರ ಅರಿವಿಲ್ಲದೆ ಒಂದು ತೆರಪು ಬಿದ್ದರೆ, ಆಜ್ಞೆ ಬೇರಿನಿಂದಲೇ ಕೆಲಸ ಶುರು ಮಾಡುತ್ತದೆ. ಚುಕ್ಕೆಯಿಂದ ಆರಂಭವಾಗುವ ಕಡತಗಳೆಲ್ಲವೂ ಎಂಬ ಅರ್ಥದಲ್ಲಿ ಚುಕ್ಕೆ ಮತ್ತು ನಕ್ಷತ್ರ ಚಿಹ್ನೆ ಒತ್ತುವುದು ಇನ್ನೊಂದು ಹಳೆಯ ಗುಂಡಿ. ಎರಡು ಚುಕ್ಕೆ ಎಂದರೆ ಮೇಲಿನ ಡೈರೆಕ್ಟರಿ. ಹಲವು ಶೆಲ್‌ಗಳಲ್ಲಿ ಅದೂ ಈ ಬಲೆಗೆ ಬೀಳುತ್ತದೆ. ಒಬ್ಬನ ಮನೆಯನ್ನು ಸರಿಪಡಿಸಲು ಹೊರಟ ಆಜ್ಞೆ ಮೇಲಕ್ಕೆ ಹತ್ತಿ ಓಣಿಯ ಎಲ್ಲ ಮನೆಗಳನ್ನೂ ಅವನ ಹೆಸರಿಗೆ ಬರೆಯುತ್ತದೆ.

ಚೌನ್ ಮುಟ್ಟದೆಯೂ ಒಡೆತನ ಬದಲಾಗುವುದುಂಟು. ರೂಟ್ ಆಗಿ ಸಾಮಾನ್ಯ ರೀತಿಯಲ್ಲಿ ನಕಲು ಮಾಡಿದ ಕಡತಗಳು ರೂಟ್‌ನ ಹೆಸರಿಗೇ ಬರುತ್ತವೆ. ಸಾಮಾನ್ಯ ಬಳಕೆದಾರ ಟಾರ್ ಕಟ್ಟನ್ನು ಬಿಚ್ಚಿದರೆ ಎಲ್ಲವೂ ಆತನದಾಗುತ್ತದೆ. ಹಳೆಯ ಟಾರ್ ಕಟ್ಟುಗಳಲ್ಲಿ ಒಡೆಯನ ಸಂಖ್ಯೆ ಮಾತ್ರ ಇರುತ್ತಿತ್ತು. ಹೆಸರನ್ನೂ ಬರೆದಿಡುವ ಕ್ರಮ ಬಂದದ್ದು 1988ರ ಪೊಸಿಕ್ಸ್ ರೂಪದಲ್ಲಿ. ಹಳೆಯ ಕಟ್ಟನ್ನು ಬೇರೆ ಯಂತ್ರದಲ್ಲಿ ರೂಟ್ ಆಗಿ ಬಿಚ್ಚಿದರೆ ಸಂಖ್ಯೆ ಸರಿ, ಒಡೆಯ ತಪ್ಪು.

ಮರಳುವ ದಾರಿ

ಅಪಘಾತವಾದಾಗ ಅನುಭವಿಗಳು ಹೇಳುವ ಮೊದಲ ಮಾತು: ರೂಟ್ ಆಗಿ ತೆರೆದಿರುವ ಕಿಟಕಿಯನ್ನು ಮುಚ್ಚಬೇಡಿ. ನಡೆಯುತ್ತಿರುವ ಪ್ರೋಗ್ರಾಮಿನ ಅಧಿಕಾರ ಇರುವುದು ಯಂತ್ರದ ಸ್ಮೃತಿಯಲ್ಲಿ, ಡಿಸ್ಕಿನಲ್ಲಲ್ಲ. ಡಿಸ್ಕಿನ ಮೇಲೆ ಎಲ್ಲವೂ ಪರರ ಪಾಲಾದರೂ, ಆಗಲೇ ರೂಟ್ ಆಗಿರುವ ಶೆಲ್ ರೂಟ್ ಆಗಿಯೇ ಇರುತ್ತದೆ. ಗಾಬರಿಯಲ್ಲಿ ಹೊರಬಂದರೆ ಮತ್ತೆ ಒಳಹೋಗುವ ಬಾಗಿಲು ಇರಲಿಕ್ಕಿಲ್ಲ. ಯಂತ್ರವನ್ನು ಬೇರೆ ಡಿಸ್ಕಿನಿಂದಲೋ ದುರಸ್ತಿ ಸ್ಥಿತಿಯಲ್ಲೋ ಎಬ್ಬಿಸುವುದೊಂದೇ ಆಗ ಉಳಿಯುವ ಮಾರ್ಗ.

ಇದರ ಬೆಲೆಯನ್ನು 1986ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದವರು ಕಂಡುಕೊಂಡರು. ಅಲ್ಲಿ ನಡೆದದ್ದು ಒಡೆತನದ ತಪ್ಪಲ್ಲ, ಅದಕ್ಕಿಂತ ಕೆಟ್ಟದ್ದು. ರೂಟ್ ಆಗಿ ಕೊಟ್ಟ ಅಳಿಸುವ ಆಜ್ಞೆಯೊಂದು ಬೇರಿನಿಂದ ಶುರುವಾಗಿ, ಅರ್ಧದಲ್ಲಿ ನಿಲ್ಲಿಸುವಷ್ಟರಲ್ಲಿ ಮುಖ್ಯ ಡೈರೆಕ್ಟರಿಗಳು ಹೋಗಿದ್ದವು. ಆದರೆ ರೂಟ್ ಕಿಟಕಿ ತೆರೆದೇ ಇತ್ತು, ಇಮ್ಯಾಕ್ಸ್ ಎಂಬ ಬರವಣಿಗೆಯ ಪ್ರೋಗ್ರಾಂ ನಡೆಯುತ್ತಲೇ ಇತ್ತು. ಅದರೊಳಗಿಂದಲೇ ಯಂತ್ರಭಾಷೆಯ ಪುಟ್ಟ ಪ್ರೋಗ್ರಾಮೊಂದನ್ನು ಕೈಯಾರೆ ಟೈಪಿಸಿ, ಹೋದ ಡೈರೆಕ್ಟರಿಯೊಂದನ್ನು ಮರಳಿ ಸೃಷ್ಟಿಸಿ, ಅಲ್ಲಿಂದ ಒಂದೊಂದಾಗಿ ಉಳಿದವನ್ನು ತಂದುಕೊಂಡರು. ಯೂನಿಕ್ಸ್ ಬಳಗದಲ್ಲಿ ಈ ಕತೆ ಇಂದಿಗೂ ಪ್ರಚಲಿತ.

ಒಡೆತನದ ಅಪಘಾತದಲ್ಲಿ ಎರಡನೆಯ ಕೆಲಸ ಸಾಕ್ಷ್ಯ ಸಂಗ್ರಹ. ಹಳೆಯ ಒಡೆಯನನ್ನು ಮರೆಯುವ ಐನೋಡ್ ಒಂದು ಸುಳಿವು ಮಾತ್ರ ಉಳಿಸುತ್ತದೆ. ತನ್ನಲ್ಲಿ ಕೊನೆಯ ಬದಲಾವಣೆ ಯಾವಾಗ ಆಯಿತೆಂಬ ವೇಳೆಯನ್ನು ಅದು ಬರೆದಿಟ್ಟುಕೊಳ್ಳುತ್ತದೆ. ಆ ಗಳಿಗೆಯಲ್ಲಿ ಬದಲಾದ ಕಡತಗಳ ಪಟ್ಟಿಯನ್ನು ಇದರಿಂದ ತೆಗೆಯಬಹುದು. ಯಾರದ್ದಾಗಿತ್ತೆಂದು ತಿಳಿಯದಿದ್ದರೂ ಯಾವುವು ಕಳುವಾದವೆಂದು ತಿಳಿಯುತ್ತದೆ. ಆದರೆ ಪಟ್ಟಿಯನ್ನು ಮೊದಲೇ ಬೇರೆ ಕಡೆ ಬರೆದಿಡಬೇಕು. ಒಡೆತನ ಸರಿಪಡಿಸುವುದೂ ಒಂದು ಬದಲಾವಣೆಯೇ. ದುರಸ್ತಿ ಮುಂದುವರಿದಂತೆ ಸಾಕ್ಷ್ಯ ಅಳಿಯುತ್ತ ಹೋಗುತ್ತದೆ.

ಎಲ್ಲವನ್ನೂ ಒಮ್ಮೆಗೇ ರೂಟ್ ಹೆಸರಿಗೆ ಬರೆದುಬಿಡುವ ಆಸೆ ಇಲ್ಲಿ ಸಹಜ. ಅದು ಎರಡನೇ ಅಪಘಾತ. ಅಂಚೆ, ದತ್ತಸಂಚಯ, ವೆಬ್ ಸೇವೆ ಮುಂತಾದವಕ್ಕೆ ತಮ್ಮವೇ ಬಳಕೆದಾರ ಸಂಖ್ಯೆಗಳಿವೆ, ಅವೂ ಇದರಲ್ಲಿ ಕಲಸಿಹೋಗುತ್ತವೆ. ಮನೆ ಡೈರೆಕ್ಟರಿಗಳ ಒಡೆಯರನ್ನು ಡೈರೆಕ್ಟರಿಯ ಹೆಸರಿನಿಂದಲೇ ಊಹಿಸಬಹುದು. ವ್ಯವಸ್ಥೆಯ ಕಡತಗಳಿಗೆ ಅದೇ ಆವೃತ್ತಿಯ ಇನ್ನೊಂದು ಯಂತ್ರವಿದ್ದರೆ ಅದರಿಂದ ಪಟ್ಟಿ ತರಬಹುದು. ಆಗಲೂ ತರಬೇಕಾದದ್ದು ಹೆಸರುಗಳನ್ನು, ಸಂಖ್ಯೆಗಳನ್ನಲ್ಲ. ದುರಸ್ತಿಗೂ ಒಂದು ಕ್ರಮವಿದೆ: ಮೊದಲು ಒಡೆಯ, ಆಮೇಲೆ ಅನುಮತಿ. ಹಿಂದುಮುಂದಾದರೆ ಹಾಕಿದ ಸೆಟ್‌ಯುಐಡಿ ಗುರುತು ಮತ್ತೆ ಬಿದ್ದುಹೋಗುತ್ತದೆ.

ಹೊರಗಿಟ್ಟ ವಹಿಗಳು

ಈ ಉಪಾಯಗಳೆಲ್ಲದರ ತಿರುಳು ಒಂದೇ: ವ್ಯವಸ್ಥೆಯೊಳಗೆ ಇಲ್ಲದ ನೆನಪನ್ನು ಹೊರಗಿಂದ ತರುವುದು. ಆ ನೆನಪನ್ನು ಮುಂಚಿತವಾಗಿಯೇ ಬರೆದಿಡುವ ಪ್ರಯತ್ನಗಳು 1980ರ ದಶಕದ ಕೊನೆಯಿಂದ ಒಂದರ ಹಿಂದೊಂದು ಬಂದವು. ಸಿಸ್ಟಮ್ ಫೈವ್‌ನ ನಾಲ್ಕನೇ ಬಿಡುಗಡೆಯ ಪ್ಯಾಕೇಜ್ ವ್ಯವಸ್ಥೆ ತಾನು ಸ್ಥಾಪಿಸಿದ ಪ್ರತಿ ಕಡತದ ಒಡೆಯನನ್ನೂ ಒಂದು ಕಡೆ ದಾಖಲಿಸುತ್ತಿತ್ತು. 1990ರ ಬಿಎಸ್‌ಡಿ ಬಿಡುಗಡೆಯಲ್ಲಿ ಎಂಟ್ರೀ ಎಂಬ ಸಲಕರಣೆ ಬಂತು; ಕಡತವೃಕ್ಷ ಹೇಗಿರಬೇಕೆಂಬ ವಿವರಣೆಯನ್ನು ವಾಸ್ತವದೊಂದಿಗೆ ಹೋಲಿಸಿ ತಿದ್ದುವುದು ಅದರ ಕೆಲಸ. 1992ರಲ್ಲಿ ಪರ್ಡ್ಯೂ ವಿಶ್ವವಿದ್ಯಾಲಯದ ಜೀನ್ ಕಿಮ್ ಮತ್ತು ಜೀನ್ ಸ್ಪಾಫರ್ಡ್ ರೂಪಿಸಿದ ಟ್ರಿಪ್‌ವೈರ್, ನುಸುಳುಕೋರರನ್ನು ಪತ್ತೆ ಹಚ್ಚಲೆಂದು ಕಡತಗಳ ಲಕ್ಷಣಗಳ ವಹಿ ಇಟ್ಟಿತು. ಅದರಲ್ಲಿ ಒಡೆತನವೂ ಸೇರಿತ್ತು.

1990ರ ದಶಕದ ಮಧ್ಯದಲ್ಲಿ ರೆಡ್ ಹ್ಯಾಟ್ ಲಿನಕ್ಸ್ ತಂದ ಆರ್‌ಪಿಎಂ ವ್ಯವಸ್ಥೆ ಈ ವಹಿಯನ್ನು ಪ್ರತಿ ಯಂತ್ರದಲ್ಲೂ ಇಟ್ಟಿತು. ಅಲ್ಲಿ ಒಂದು ಆಜ್ಞೆ ಪ್ಯಾಕೇಜುಗಳ ಕಡತಗಳಿಗೆ ಮೂಲ ಒಡೆಯರನ್ನೂ ಇನ್ನೊಂದು ಮೂಲ ಅನುಮತಿಗಳನ್ನೂ ಮರಳಿಸುತ್ತವೆ. ಡೆಬಿಯನ್ ಬಳಗದ ಲಿನಕ್ಸ್‌ಗಳಲ್ಲಿ ಈ ಸೌಕರ್ಯವಿಲ್ಲದೆ ಪ್ಯಾಕೇಜುಗಳನ್ನು ಮರುಸ್ಥಾಪಿಸುವುದೇ ವಾಡಿಕೆಯಾಯಿತು. ಆಪಲ್‌ನ ಮ್ಯಾಕ್ ಯಂತ್ರಗಳಲ್ಲಿ 'ಅನುಮತಿಗಳನ್ನು ದುರಸ್ತಿ ಮಾಡು' ಎಂಬ ಗುಂಡಿಯೇ ಇತ್ತು. 2015ರಲ್ಲಿ ವ್ಯವಸ್ಥೆಯ ಕಡತಗಳನ್ನು ರೂಟ್ ಕೂಡ ಮುಟ್ಟದಂತೆ ಬಿಗಿ ಮಾಡಿದಾಗ ಆಪಲ್ ಆ ಗುಂಡಿಯನ್ನು ತೆಗೆದುಹಾಕಿತು.

ಈ ವಹಿಗಳಿಗೊಂದು ಮಿತಿಯಿದೆ. ತಯಾರಕರು ಕೊಟ್ಟ ಕಡತಗಳಷ್ಟೇ ಅವಕ್ಕೆ ಗೊತ್ತು. ಬಳಕೆದಾರರು ತಾವೇ ಸೃಷ್ಟಿಸಿದ್ದರ ಲೆಕ್ಕ ಅವರೇ ಇಡಬೇಕು. ಲಿನಕ್ಸ್‌ನಲ್ಲಿ ಅದಕ್ಕೂ ಸುಲಭ ದಾರಿಯಿದೆ. 'ಗೆಟ್‌ಫಾಕಲ್' ಎಂಬ ಆಜ್ಞೆ ಪ್ರತಿ ಕಡತದ ಒಡೆಯ, ಗುಂಪು, ಅನುಮತಿಗಳನ್ನು ಒಂದು ಪಟ್ಟಿಯಾಗಿ ಬರೆದುಕೊಡುತ್ತದೆ. 'ಸೆಟ್‌ಫಾಕಲ್' ಆ ಪಟ್ಟಿಯನ್ನು ಓದಿ ಎಲ್ಲವನ್ನೂ ಹಿಂದಿನಂತೆ ಮಾಡುತ್ತದೆ. ಕಡತಗಳನ್ನೇ ನಕಲು ಮಾಡಲು ಬೇಕಾಗುವ ಜಾಗದ ಸಣ್ಣ ಪಾಲು ಇದಕ್ಕೆ ಸಾಕು.

ಐನೋಡಿನ ಮರೆವಿಗೆ ಬುಡದಲ್ಲೇ ಮದ್ದು ಹುಡುಕಿದವರೂ ಇದ್ದಾರೆ. 1990ರ ದಶಕದಲ್ಲಿ ನೆಟ್‌ಆಪ್ ಸಂಸ್ಥೆ, ಮುಂದೆ 2005ರಲ್ಲಿ ಮುಕ್ತವಾಗಿ ಬಿಡುಗಡೆಯಾದ ಸನ್‌ನ ಜೆಡ್‌ಎಫ್‌ಎಸ್, ಹಳೆಯ ದಾಖಲೆಯನ್ನು ಒರೆಸದೆ ಹೊಸದನ್ನು ಪಕ್ಕದಲ್ಲಿ ಬರೆಯುವ ಕ್ರಮ ತಂದವು. ಹೀಗೆ ಯಾವುದೇ ಗಳಿಗೆಯ ಚಿತ್ರವನ್ನು ಹಾಗೆಯೇ ಹಿಡಿದಿಡಬಹುದು. ಸ್ಲೇಟಿನ ಬದಲು ನೋಟುಪುಸ್ತಕ ಬಂದಂತಾಯಿತು. ಆದರೆ ಆ ಚಿತ್ರವನ್ನೂ ಅಪಘಾತಕ್ಕೆ ಮುಂಚೆಯೇ ತೆಗೆದಿಟ್ಟಿರಬೇಕು.

ಇದೆಲ್ಲ ಕಂಪ್ಯೂಟರ್ ಕೋಣೆಯವರ ಗೋಳು, ಉಳಿದವರಿಗೇನು ಎನ್ನುವಂತಿಲ್ಲ. ಆಂಡ್ರಾಯ್ಡ್ ಫೋನು ನಿಂತಿರುವುದು ಲಿನಕ್ಸ್ ಮೇಲೆ. ಅದರಲ್ಲಿ ಸ್ಥಾಪಿಸಿದ ಪ್ರತಿ ಆ್ಯಪ್‌ಗೂ ಹತ್ತು ಸಾವಿರದಿಂದ ಮೇಲ್ಪಟ್ಟ ಒಂದು ಬಳಕೆದಾರ ಸಂಖ್ಯೆ ಸಿಗುತ್ತದೆ. ಬ್ಯಾಂಕಿನ ಆ್ಯಪ್ ಬರೆದಿಟ್ಟುಕೊಂಡ ಕಡತವನ್ನು ಆಟದ ಆ್ಯಪ್ ಓದಲಾರದ್ದಕ್ಕೆ ಒಂದು ಕಾರಣ, ಅರ್ಧ ಮೆಗಾಬೈಟ್ ಡಿಸ್ಕಿನ ಕಾಲದಲ್ಲಿ ಇಬ್ಬರು ತರುಣರು ಐನೋಡಿನಲ್ಲಿ ತೆಗೆದಿಟ್ಟ ಆ ಒಂದು ಬೈಟ್ ಜಾಗ. ಸಂಖ್ಯೆ ಈಗ ನಾಲ್ಕು ಬೈಟ್‌ಗಳಿಗೆ ಬೆಳೆದಿದೆ. ಆದರೂ ಅದು ಹೇಳುವುದು ಈಗಿನ ಒಡೆಯನನ್ನು ಮಾತ್ರ. ಹಿಂದಿನವನ ಹೆಸರು ಬೇಕಾದರೆ ಅದನ್ನು ಮೊದಲೇ ಯಾರಾದರೂ ಬರೆದಿಟ್ಟಿರಬೇಕು.